ಹದಿಮೂರು ತಂಡ, ಒಬ್ಬ ಗಾರ್ಡ್: ಇಶ್ ಸ್ಮಿತ್ ಗೆದ್ದನೋ, ಬರೀ ತಿರುಗಿದನೋ?

ಕೋಟೆಗುಡ್ಡ (ಬಳ್ಳಾರಿ)

ನಮ್ಮ ಕಡೆ ಎನ್‌ಬಿಎ, ಅಂದ್ರ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು, ನೋಡೋ ಹುಡುಗ್ರು ಬೆಳಿಗ್ಗೆ ಎದ್ರ ಕರ್ರಿ, ಲೆಬ್ರಾನ್, ಯೋಕಿಚ್ ಅಂತ ಜಗಳ ಆಡ್ತಾರ. ಆಡ್ಲಿ. ನಾನು ಬರಿಯಾಕ ಹೊಂಟಿದ್ದು ಯಾರೂ ಗ್ವಾಡಿಗೆ ಪೋಸ್ಟರ್ ಹಚ್ಚದ ಒಬ್ಬನ ಬಗ್ಗೆ. ಇಶ್ ಸ್ಮಿತ್. ಪಾಯಿಂಟ್ ಗಾರ್ಡ್, ಅಂದ್ರ ಚೆಂಡು ಮುಂದಕ್ಕ ತಂದು ಆಟ ನಡೆಸಾವ. ಎತ್ತರ ಆರಡಿ, ಅಂದ್ರ ಆ ಲೀಗಿನಾಗ ಗಿಡ್ಡ.

ವೇಕ್ ಫಾರೆಸ್ಟ್ ಕಾಲೇಜಿಗೆ ನಾಕು ವರ್ಷ ಆಡಿದ. 2010ರ ಡ್ರಾಫ್ಟಿನಾಗ, ಅಂದ್ರ ತಂಡದವ್ರು ಹೊಸ ಹುಡುಗ್ರನ್ನ ಆರಿಸೋವಾಗ, 60 ಹೆಸರು ಕೂಗಿದ್ರು, ಇವನ ಹೆಸರು ಬರ್ಲಿಲ್ಲ. ಹೆಂಗೋ ಹ್ಯೂಸ್ಟನ್ ತಂಡದಾಗ ಜಾಗ ಸಿಕ್ತು. ಅಲ್ಲಿಂದ ಶುರು ಆದ ತಿರುಗಾಟ ನೋಡ್ರಿ. 2011ರ ಫೆಬ್ರವರಿಯಾಗ ಹ್ಯೂಸ್ಟನ್‌ನವ್ರು ಶೇನ್ ಬ್ಯಾಟಿಯರ್‌ನ್ನ ಮೆಂಫಿಸ್‌ಗೆ ಕೊಟ್ರು, ಜೊತಿಗೆ ಇವನೂ ಹೋದ. 2013ರ ಫೆಬ್ರವರಿಯಾಗ ಒರ್ಲ್ಯಾಂಡೊದವ್ರು ಜೆ.ಜೆ. ರೆಡಿಕ್‌ನ್ನ ಮಿಲ್ವಾಕಿಗೆ ಕೊಟ್ರು, ಜೊತಿಗೆ ಇವನೂ ಹೋದ. ಅದೇ ವರ್ಷ ಬ್ಯಾಸಗಿ ಮುಗಿಯೋದ್ರಾಗ ಮಿಲ್ವಾಕಿಗೆ ಕ್ಯಾರನ್ ಬಟ್ಲರ್ ಬೇಕಾದ, ಅವನ ಬದಲಿಗೆ ಇವನ್ನ ಫೀನಿಕ್ಸ್‌ಗೆ ಕಳಿಸಿದ್ರು. 2022ರಾಗ ವಾಷಿಂಗ್ಟನ್‌ನಿಂದ ಕಾಲ್ಡ್‌ವೆಲ್-ಪೋಪ್ ಡೆನ್ವರ್‌ಗೆ ಹೋದಾಗ್ಲೂ ಪಕ್ಕದ ಸೀಟಿನಾಗ ಇವನೇ. ಸುದ್ದಿಯಾಗ ಯಾವತ್ತೂ ಇನ್ನೊಬ್ಬನ ಹೆಸರು, ಇವ ಕೊಸರು.

ಹ್ಯೂಸ್ಟನ್, ಮೆಂಫಿಸ್, ಗೋಲ್ಡನ್ ಸ್ಟೇಟ್, ಒರ್ಲ್ಯಾಂಡೊ, ಮಿಲ್ವಾಕಿ, ಫೀನಿಕ್ಸ್, ಒಕ್ಲಹೋಮ ಸಿಟಿ, ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್, ಡೆಟ್ರಾಯಿಟ್, ವಾಷಿಂಗ್ಟನ್, ಷಾರ್ಲೆಟ್, ಡೆನ್ವರ್. ಲೀಗಿನಾಗ ಇರೋದೇ 30 ತಂಡ, ಅದ್ರಾಗ 13ರ ಅಂಗಿ ತೊಟ್ಟಾನ. ಅಲ್ಲಿ ತನಕ ಚಕ್ಕಿ ಬ್ರೌನ್, ಜಿಮ್ ಜಾಕ್ಸನ್, ಟೋನಿ ಮ್ಯಾಸೆನ್‌ಬರ್ಗ್, ಜೋ ಸ್ಮಿತ್ ಅಂತ ನಾಕು ಮಂದಿ 12ಕ್ಕ ನಿಂತಿದ್ರು. ಡೆನ್ವರ್‌ಗೆ ಹೋಗಿ ದಾಖಲೆ ಮುರಿದ ಸೀಸನ್ನಿನಾಗೇ, 2023ರ ಜೂನ್‌ನಾಗ, ಆ ತಂಡ ಮಯಾಮಿನ 4-1 ಸೋಲಿಸಿ ಮೊದಲ ಸಲ ಚಾಂಪಿಯನ್ ಆತು. ಪ್ಲೇಆಫ್‌ನಾಗ ಇವ ಹೆಚ್ಚುಕಡಿಮಿ ಬೆಂಚಿನ ಮ್ಯಾಲೇ ಕುಂತಿದ್ದ. ಚಾಂಪಿಯನ್ ತಂಡದವ್ರಿಗೆ ಕೊಡೋ ಉಂಗುರ ಮಾತ್ರ ಬಂತು.

ಇಂಥವನ್ನ ನಮ್ಮ ಮಂದಿ "ಎಲ್ಲೂ ನಿಲ್ಲದವ" ಅಂತ ಒಂದೇ ಮಾತಿನಾಗ ತಳ್ಳಿಹಾಕ್ತಾರ. ಎಲ್ಲೂ ನಿಲ್ಲದವಗ 14 ಸೀಸನ್ ಯಾರು ಪಗಾರ ಕೊಡ್ತಾರ? ಬಂದ ದಿನಾನೇ ಕೋರ್ಟಿಗೆ ಇಳಿಸಬಹುದು, ಕೆಲಸ ಕೆಡಂಗಿಲ್ಲ ಅನ್ನೋ ಗುಣ ಅವನ್ಹತ್ರ ಐತಿ. ಶೂಟಿಂಗ್, ಡಿಫೆನ್ಸ್ ಹೆಂಗ ಕಲಿತಾರೋ ಹಂಗ ಕಲಿತ ಗುಣ ಅದು ಅಂತ ನನ್ನ ವಾದ. ಒಪ್ಪದವ್ರು ಬರ್ರಿ.

ಬಿಸಿಲೂರು ಬಸ್ಯಾ (ರಾಯಚೂರು)

ಬಂದ್ನಿ ನೋಡ್ರಿ ಅಣ್ಣಾರ. 13 ತಂಡ ತಿರುಗ್ಯಾನ ಅಂದ್ರ 12 ತಂಡದವ್ರು "ಸಾಕು ನಡಿ" ಅಂದಾರ ಅಂತ ಅರ್ಥ ಅಲ್ಲೇನು? ನಮ್ಮ ಆಫೀಸಿನಾಗ ಒಬ್ಬಾವ ಹತ್ತು ವರ್ಷದಾಗ ಆರು ಕಡೆ ಟ್ರಾನ್ಸ್‌ಫರ್ ಆದ್ರ, ಬರಾಕಿಂತ ಮೊದ್ಲೇ ಅವನ ಫೈಲ್ ಕಥಿ ಬಂದಿರ್ತದ. ದಾಖಲೆ ಅಂತ ಅದಕ್ಕ ಹೂವಿನ ಹಾರ ಯಾರೂ ಹಾಕಂಗಿಲ್ಲ.

ನಾ ಕ್ರಿಕೆಟ್ ನೋಡಾವ. ಐಪಿಎಲ್‌ನಾಗೂ ಇಂಥವ್ರು ಅದಾರ, ಪ್ರತಿ ಹರಾಜಿನಾಗ ಬ್ಯಾರೆ ಬಣ್ಣದ ಅಂಗಿ. ಅಭಿಮಾನಿ ಅನ್ನಾವ ಯಾರಿಗೆ ಕೂಗಬೇಕು ಹೇಳ್ರಿ.

ಲೆಕ್ಕದ ಪುಸ್ತಕ (ಗಂಗಾವತಿ)

ಬಸ್ಯಾ ಅವರೇ, ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಬೇಡ ಅಂತ ಬಿಡೋದು ಬೇರೆ, ಲೆಕ್ಕ ಹೊಂದಿಸಲು ಕೊಡೋದು ಬೇರೆ. ನಾನು ರೈಸ್ ಮಿಲ್ಲಿನ ಲೆಕ್ಕ ಬರೆಯುವವನು, ಆಟಕ್ಕಿಂತ ಈ ಲೀಗಿನ ಒಪ್ಪಂದಗಳನ್ನು ಓದೋದರಲ್ಲೇ ನನಗೆ ಹೆಚ್ಚು ರುಚಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎನ್‌ಬಿಎಯಲ್ಲಿ ಸಂಬಳದ ಮಿತಿ ಇದೆ. ಮಿತಿ ಮೀರಿದ ತಂಡ ಆಟಗಾರನನ್ನು ಕೊಟ್ಟು ತಗೊಳ್ಳುವಾಗ ಎರಡೂ ಕಡೆಯ ಸಂಬಳದ ಮೊತ್ತ ಹೆಚ್ಚುಕಡಿಮೆ ತಾಳೆಯಾಗಬೇಕು. ಹಾಗಾಗಿ ದೊಡ್ಡ ಹೆಸರಿನ ಜೊತೆ ಸಣ್ಣ ಸಂಬಳದವರು ಒಬ್ಬರೋ ಇಬ್ಬರೋ ಸೇರಿಕೊಳ್ಳುತ್ತಾರೆ. ಅದಲ್ಲದೆ ಒಂದು ತಂಡದಲ್ಲಿ ಮಾಮೂಲು ಒಪ್ಪಂದದವರು 15 ಮಂದಿಗಿಂತ ಹೆಚ್ಚು ಇರುವ ಹಾಗಿಲ್ಲ. ಇಬ್ಬರನ್ನು ತಗೊಂಡರೆ ಇಬ್ಬರನ್ನು ಹೊರಗೆ ಕಳಿಸಬೇಕು. ಈ ಜಾಗದ ಲೆಕ್ಕದಲ್ಲಿ ಮೊದಲು ಏಟು ತಿನ್ನೋದು ಹದಿನಾಲ್ಕನೆಯವನು, ಹದಿನೈದನೆಯವನು. ಆಟ ಕೆಟ್ಟಿತು ಅಂತಲ್ಲ.

ಇನ್ನು ತಾರೀಕುಗಳು. ಖಾತ್ರಿಯಿಲ್ಲದ ಒಪ್ಪಂದ ಇರುವವನಿಗೆ ಜನವರಿ 10 ದಾಟಿದರೆ ಇಡೀ ಸೀಸನ್ನಿನ ಸಂಬಳ ಖಾತ್ರಿಯಾಗುತ್ತದೆ. ಅದಕ್ಕೇ ಜನವರಿ ಮೊದಲ ವಾರದಲ್ಲಿ ಒಂದಿಷ್ಟು ಜನರ ಕೆಲಸ ಹೋಗುತ್ತದೆ. ಜನವರಿ 5ರಿಂದ ಹತ್ತು ದಿನದ ಒಪ್ಪಂದ ಶುರು. ಹತ್ತು ದಿನ ಅಥವಾ ಮೂರು ಪಂದ್ಯ, ಯಾವುದು ಉದ್ದವೋ ಅದು. ಒಂದು ತಂಡ ಒಬ್ಬನಿಗೆ ಒಂದು ಸೀಸನ್ನಿನಲ್ಲಿ ಇಂಥ ಎರಡು ಒಪ್ಪಂದ ಕೊಡಬಹುದು, ಮೂರನೆಯದಕ್ಕೆ ಸೀಸನ್ ಮುಗಿಯುವ ತನಕ ಇಟ್ಟುಕೋ ಅಥವಾ ಬಿಡು. ಅಂದರೆ ಹತ್ತು ದಿನದ ಕೂಲಿ. ಬಟ್ಟೆ ಪೆಟ್ಟಿಗೆಯಿಂದ ಹೊರಗೆ ತೆಗೆಯೋದೋ ಬೇಡವೋ ಅನ್ನುವ ಬದುಕು.

ಈಗ ನಿಮ್ಮ "ಸಾಕು ನಡಿ" ಮಾತಿಗೆ ಬರುತ್ತೇನೆ. 2015ರ ಫೆಬ್ರವರಿಯಲ್ಲಿ ಒಕ್ಲಹೋಮದವರು ಸ್ಮಿತ್‌ನನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟರು, ಅವರು ಆಡಿಸದೆಯೇ ಬಿಟ್ಟರು, ಫಿಲಡೆಲ್ಫಿಯಾ ಎತ್ತಿಕೊಂಡಿತು. ಸೀಸನ್ ಮುಗಿದ ಮೇಲೆ ಅವರೂ ಉಳಿಸಿಕೊಳ್ಳಲಿಲ್ಲ. ಆಮೇಲೆ ವಾಷಿಂಗ್ಟನ್ ಕ್ಯಾಂಪ್, ಅಲ್ಲೂ ಕೈಬಿಟ್ಟರು, ಮತ್ತೆ ಅದೇ ನ್ಯೂ ಆರ್ಲಿಯನ್ಸ್. ಆ ಡಿಸೆಂಬರಿನ ಹೊತ್ತಿಗೆ ಫಿಲಡೆಲ್ಫಿಯಾ ಇಡೀ ಸೀಸನ್ನಿನಲ್ಲಿ ಗೆದ್ದಿದ್ದು ಒಂದೇ ಪಂದ್ಯ. ಚೆಂಡನ್ನು ಮುಂದಕ್ಕೆ ತರುವವನಿಗೇ ದಿಕ್ಕಿಲ್ಲ. ಆಗ ಏನು ಮಾಡಿದರು? ಎರಡು ಸೆಕೆಂಡ್ ರೌಂಡ್ ಡ್ರಾಫ್ಟ್ ಆಯ್ಕೆ ತೆತ್ತು ಇದೇ ಸ್ಮಿತ್‌ನನ್ನು ವಾಪಸ್ ಕರೆಸಿಕೊಂಡರು. ಕೆಲವೇ ತಿಂಗಳ ಹಿಂದೆ ಪುಕ್ಕಟೆ ಬಿಟ್ಟವನನ್ನು! ಆ ತಂಡ 10 ಗೆಲುವು, 72 ಸೋಲಿಗೇ ಮುಗಿಸಿತು ಅನ್ನೋದು ನಿಜ. ಆದರೆ ಮರುವರ್ಷ ಡೆಟ್ರಾಯಿಟ್ ಇವನಿಗೆ ಮೂರು ವರ್ಷಕ್ಕೆ 1.8 ಕೋಟಿ ಡಾಲರ್ ಬರೆದುಕೊಟ್ಟಿತು. ಅಲ್ಲಿ ಮೂರೂ ವರ್ಷ ಪೂರ್ತಿ ಮಾಡಿದ. 2019ರಲ್ಲಿ ವಾಷಿಂಗ್ಟನ್ ಎರಡು ವರ್ಷಕ್ಕೆ 1.2 ಕೋಟಿ ಡಾಲರ್.

ಪುಸ್ತಕದಲ್ಲಿ ಇದನ್ನು ನಷ್ಟದ ಕಾಲಂನಲ್ಲಿ ಬರೆಯೋಕೆ ನನ್ನ ಕೈ ಬರೋದಿಲ್ಲ.

ಬಿಸಿಲೂರು ಬಸ್ಯಾ (ರಾಯಚೂರು)

1.8 ಕೋಟಿ *ಡಾಲರ್*? ಆತು ಬಿಡ್ರಿ, ನನ್ನೂ ಟ್ರಾನ್ಸ್‌ಫರ್ ಮಾಡ್ರಿ ಅಂತ ಅರ್ಜಿ ಹಾಕ್ತೀನಿ.

ಪಿಇ ಮೇಷ್ಟ್ರು (ಕೊಪ್ಪಳ)

ದುಡ್ಡಿನ ಲೆಕ್ಕ ಸಿಕ್ಕಿತು, ಆಟದ ಲೆಕ್ಕವನ್ನೂ ಸ್ವಲ್ಪ ನೋಡೋಣ. "ಬಂದ ದಿನವೇ ಇಳಿಸಬಹುದು" ಎಂಬ ಗುಣ ಬೇರೆ ಜಾಗದ ಆಟಗಾರನಿಗೂ ಗಾರ್ಡ್‌ಗೂ ಒಂದೇ ಅಲ್ಲ. ಹೊಸದಾಗಿ ಬಂದ ಫಾರ್ವರ್ಡ್ ಮೂಲೆಯಲ್ಲಿ ನಿಂತು, ಚೆಂಡು ಬಂದರೆ ಎಸೆದು, ಬರದಿದ್ದರೆ ಸುಮ್ಮನಿದ್ದು ಒಂದು ರಾತ್ರಿ ದೂಡಬಹುದು. ಗಾರ್ಡ್‌ಗೆ ಆ ಸೌಲಭ್ಯ ಇಲ್ಲ. ಚೆಂಡು ಶುರುವಾಗುವುದೇ ಅವನ ಕೈಯಲ್ಲಿ.

ಎಂಟು ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು, 24 ಸೆಕೆಂಡಿನೊಳಗೆ ಎಸೆಯಬೇಕು. ದಾಟುತ್ತಲೇ ಯಾವ ಸೆಟ್, ಅಂದರೆ ಮೊದಲೇ ಕಲಿತ ಯಾವ ದಾಳಿ, ಎಂದು ಕೂಗಿ ಹೇಳಬೇಕು. ಉದಾಹರಣೆಗೆ ಹಾರ್ನ್ಸ್: ಇಬ್ಬರು ಎತ್ತರದವರು ಫ್ರೀ ಥ್ರೋ ಗೆರೆಯ ಎರಡು ತುದಿಗೆ, ಇಬ್ಬರು ಎರಡು ಮೂಲೆಗೆ, ಗಾರ್ಡ್ ಮೇಲೆ. ಈ ನಿಲುವು ಎಲ್ಲ ತಂಡದಲ್ಲೂ ಇದೆ, ಆದರೆ ಅದರಿಂದ ಮುಂದೆ ಏನಾಗುತ್ತದೆ, ಅದಕ್ಕೆ ಯಾವ ಸಂಕೇತ, ಮುಷ್ಟಿ ತೋರಿಸಿದರೆ ಏನು, ತಲೆ ಮುಟ್ಟಿಕೊಂಡರೆ ಏನು ಎಂಬುದು ತಂಡಕ್ಕೊಂದು. ಹದಿಮೂರು ತಂಡ ಎಂದರೆ ಹದಿಮೂರು ಸಲ ಈ ಸಂಕೇತಗಳನ್ನು ಮರೆತು ಹೊಸದಾಗಿ ಕಲಿಯುವುದು. ಮಧ್ಯ ಸೀಸನ್ನಿನಲ್ಲಿ ಬಂದರೆ ಅದಕ್ಕೆ ಸಿಗುವುದು ಒಂದೋ ಎರಡೋ ಅಭ್ಯಾಸ.

ಸ್ಮಿತ್‌ನ ಆಟದಲ್ಲಿ ಒಂದು ವಿಷಯ ಗಮನಿಸಿ. ಎತ್ತರದವನು ಬಂದು ಸ್ಕ್ರೀನ್ ಕೊಡುತ್ತಾನೆ, ಅಂದರೆ ಸ್ಮಿತ್‌ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಾನೆ. ಇವನು ಅದರ ಪಕ್ಕದಿಂದ ಭುಜ ತಾಗುವಷ್ಟು ಹತ್ತಿರ ನುಗ್ಗುತ್ತಾನೆ, ಕಾಯುವವನು ಸ್ಕ್ರೀನಿಗೆ ಸಿಕ್ಕಿ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ನಮ್ಮ ಹುಡುಗರು ಇಲ್ಲಿ ಇನ್ನೂ ಜೋರಾಗಿ ಓಡುತ್ತಾರೆ. ಇವನು ಇಲ್ಲಿ ನಿಧಾನ ಮಾಡುತ್ತಾನೆ. ಹಿಂದೆ ಬಿದ್ದವನನ್ನು ಬೆನ್ನಿಗೇ ಅಂಟಿಸಿಕೊಂಡು, ಅವನು ಮುಂದೆ ಬರಲಾಗದಂತೆ ದಾರಿ ಅಡ್ಡಗಟ್ಟಿ, ಎರಡು ಡ್ರಿಬಲ್ ಹಾಕುತ್ತಾನೆ. ಈಗ ಎದುರಿಗೆ ಉಳಿದವನು ಎತ್ತರದ ಡಿಫೆಂಡರ್ ಒಬ್ಬನೇ. ಅವನು ಸ್ಮಿತ್ ಮೇಲೆ ಬಂದರೆ ಚೆಂಡು ಸ್ಕ್ರೀನ್ ಕೊಟ್ಟವನಿಗೆ, ಬರದಿದ್ದರೆ ಹತ್ತಡಿಯಿಂದ ಇವನೇ ಮೆಲ್ಲಗೆ ಎತ್ತಿ ಹಾಕುತ್ತಾನೆ.

ಮೂರು ಪಾಯಿಂಟಿನ ಎಸೆತ ಅವನ ಬಲ ಆಗಿರಲಿಲ್ಲ. ಎದುರಾಳಿಗಳಿಗೂ ಅದು ಗೊತ್ತು, ಸ್ಕ್ರೀನಿನ ಕೆಳಗಿನಿಂದ ನುಸುಳಿ ಅವನನ್ನು ದೂರದಲ್ಲೇ ಬಿಡುತ್ತಾರೆ. ನನ್ನ ಪ್ರಕಾರ ಅಷ್ಟು ತಂಡ ಬದಲಾಗಲು ದೊಡ್ಡ ಕಾರಣ ಇದೇ. 2010ರ ನಂತರ ಇಡೀ ಲೀಗು ಮೂರು ಪಾಯಿಂಟಿನ ಕಡೆ ವಾಲಿತು, ಗಾರ್ಡ್ ದೂರದಿಂದ ಹಾಕದಿದ್ದರೆ ದಾಳಿಯ ಜಾಗವೇ ಕಿರಿದಾಗುತ್ತದೆ. ಆದ್ದರಿಂದ ಅವನು ಮೊದಲ ಐವರಲ್ಲಿ ಗಟ್ಟಿಯಾಗಿ ಕೂರಲಿಲ್ಲ. ಆದರೆ ಸ್ಟಾರ್ ಆಟಗಾರರು ಉಸಿರು ತಗೊಳ್ಳುವ ಆ ಆರೇಳು ನಿಮಿಷಕ್ಕೆ, ಎದುರಾಳಿ ಸಾಲಾಗಿ ನಿಲ್ಲುವ ಮೊದಲೇ ಚೆಂಡನ್ನು ಓಡಿಸಿಕೊಂಡು ಹೋಗುವ ಅವನ ವೇಗಕ್ಕೆ ಬೆಲೆ ಇತ್ತು. ಕೋಚ್‌ಗೆ ಆ ಹೊತ್ತಿನಲ್ಲಿ ಬೇಕಾದದ್ದು ಗೆಲುವಲ್ಲ, ಇದ್ದ ಮುನ್ನಡೆ ಕರಗಬಾರದು ಅಷ್ಟೇ.

ನಮ್ಮ ತಾಲ್ಲೂಕು ಮಟ್ಟದ ಪಂದ್ಯ ನೋಡಿದವರಿಗೆ ಗೊತ್ತು. ಎದುರಿನವರು ಪೂರ್ತಿ ಅಂಗಳದ ಪ್ರೆಸ್ ಹಾಕಿ, ನಮ್ಮ ರಿಂಗಿನ ಹತ್ತಿರದಿಂದಲೇ ಮುತ್ತಿದರೆ ಮುಗಿಯಿತು. ಚೆಂಡು ತರುವವನು ತಲೆ ತಗ್ಗಿಸಿ ಬಲಗೈಯಲ್ಲೇ ಬಡಿಯುತ್ತಾ ಗೆರೆಯ ಕಡೆ ಹೋಗಿ ಸಿಕ್ಕಿಬೀಳುತ್ತಾನೆ. ಉಳಿದ ನಾಲ್ವರು ಮುಂದೆ ರಿಂಗಿನ ಹತ್ತಿರ ನಿಂತು ಕೈ ಎತ್ತಿರುತ್ತಾರೆ. ಎಲ್ಲರಿಗೂ ಕರ್ರಿಯಂತೆ ದೂರದಿಂದ ಹಾಕಬೇಕು, ಚೆಂಡನ್ನು ದಾಟಿಸುವ ಕೆಲಸ ಯಾರಿಗೂ ಬೇಡ.

ಮಾಸ್ತರ ಪೇಟಿ (ಮೂಲ ಮರಿಯಮ್ಮನಹಳ್ಳಿ, ಈಗ ಬಳ್ಳಾರಿ)

ನಾನು ಬಾಸ್ಕೆಟ್‌ಬಾಲ್ ಆಡಿದಾವಲ್ಲ, ಮಗ ಆಡ್ತಾನ ಅಂತ ಇಲ್ಲಿ ಓದ್ತಿರ್ತೀನಿ. ಮೇಷ್ಟ್ರು ಬರೆದದ್ದು ಓದಿ ನನಗ ನಮ್ಮವ್ವ ನೆನಪಾದ್ಲು.

ನಮ್ಮವ್ವ ನಾಟಕದಾಕಿ. ಜಾತ್ರಿ ಸೀಸನ್ನಿನಾಗ ಹಳ್ಳಿಯವ್ರು ಬಂದು ವೀಳ್ಯ ಕೊಟ್ಟು ಹೋಗ್ತಿದ್ರು. ಹಳ್ಳಿ ನಾಟಕದಾಗ ಗಂಡು ಪಾತ್ರ ಎಲ್ಲಾ ಊರಿನ ರೈತ ಹುಡುಗ್ರವು, ತಿಂಗಳಾನುಗಟ್ಟಲೆ ರಾತ್ರಿ ರಿಹರ್ಸಲ್ ಮಾಡಿರ್ತಾರ. ಹೆಣ್ಣು ಪಾತ್ರಕ್ಕ ಮಾತ್ರ ನಮ್ಮವ್ವನಂಥ ಕಲಾವಿದೇರು ಬ್ಯಾರೆ ಊರಿಂದ. ಅಕಿ ಮಧ್ಯಾಹ್ನ ಬಸ್ಸಿಳಿದು ಟ್ರಂಕ್ ಇಟ್ಟು, ಪೇಟಿ ಮಾಸ್ತರ ಹತ್ರ ಕುಂತು ಹಾಡಿನ ಶ್ರುತಿ ನೋಡಿಕೊಂಡು, ಹೀರೋ ಯಾರಪಾ ಅಂತ ಕೇಳಿ ಅವನ ಕೂಡ ನಾಕು ಮಾತು ಹೇಳಿಸಿ ನೋಡ್ತಿದ್ಲು. ಅಷ್ಟೇ ರಿಹರ್ಸಲ್. ರಾತ್ರಿ ಹತ್ತಕ್ಕ ಪರದೆ ಎದ್ರ ಬೆಳಗಿನ ತನಕ. ಮರುದಿನ ಇನ್ನೊಂದು ಊರು, ಇನ್ನೊಂದು ನಾಟಕ, ಇನ್ನೊಬ್ಬ ಹೀರೋ.

ಸ್ಟೇಜಿನ ಮ್ಯಾಲೆ ಆ ಹುಡುಗ ಸಾವಿರ ಮಂದಿನ್ನ ನೋಡಿ ಮಾತು ಮರೀತಿದ್ದ. ಮರೀದ ದಿನಾನೇ ಇಲ್ಲ. ಆಗ ನಮ್ಮವ್ವ ತನ್ನ ಮಾತಿನಾಗೇ ಅವನ ಮಾತು ಸೇರಿಸಿ ಹೇಳ್ತಿದ್ಲು. "ನೀವು ಪಟ್ಟಣಕ್ಕ ಹೋಗಿ ಜಮೀನು ಬಿಡಿಸಿಕೊಂಡು ಬರ್ತೀನಿ ಅನ್ನೋದು ನನಗೇನು ಗೊತ್ತಿಲ್ಲೇನು?" ಅಂದ್ರ ಅವಗ ದಾರಿ ಸಿಕ್ತು. ಮಂದಿಗೆ ಅವ ಮರೆತಿದ್ದು ಗೊತ್ತಾಗ್ತಿರ್ಲಿಲ್ಲ, ಚಪ್ಪಾಳಿ ಅವಗೇ. ಮರುವರ್ಷ ಆ ಊರಿನವ್ರು ಮತ್ತ ಬಂದು ಅಕಿನ್ನೇ ಕೇಳ್ತಿದ್ರು.

ಅಕಿ ಎಷ್ಟು ಊರು ತಿರುಗಿದ್ಲು ಅಂತ ನಾವು ಯಾವತ್ತೂ ಕೀಳು ಅನ್ಕೊಂಡಿಲ್ಲ. ಬಸವರಾಜಣ್ಣ, ಅಲ್ಲಲ್ಲ, ಬಸ್ಯಾ ಅಣ್ಣ, ನಿಮ್ಮ ಆಫೀಸಿನ ಟ್ರಾನ್ಸ್‌ಫರ್ ಬ್ಯಾರೆ, ಇದು ಬ್ಯಾರೆ.

ಕೋಟೆಗುಡ್ಡ (ಬಳ್ಳಾರಿ)

ಇದಕ್ಕಿಂತ ಚಲೋ ಹೇಳಾಕ ನನ್ನ ಕೈಲಿ ಆಗ್ತಿರ್ಲಿಲ್ಲ. ಅಮ್ಮಗ ನನ್ನ ನಮಸ್ಕಾರ ಹೇಳ್ರಿ.

ಎಡಗೈ (ಬಳ್ಳಾರಿ)

ಅಣ್ಣಂದಿರಾ, ನಾನು ಡಿಗ್ರಿ ಫೈನಲ್ ಇಯರ್, ಯೂನಿವರ್ಸಿಟಿ ಟೀಮಿನಲ್ಲಿ ಪಾಯಿಂಟ್ ಗಾರ್ಡ್. ಮೇಷ್ಟ್ರು ಹೇಳಿದ "ಚೆಂಡು ದಾಟಿಸೋ ಕೆಲಸ" ನಂದೇ, ಎಡಗೈ ನಂದು ಗಟ್ಟಿ ಅಂತ ಎಲ್ಲರೂ ಆ ಕಡೆಗೇ ತಳ್ತಾರೆ ಈಗ 😅

ಇಶ್ ಸ್ಮಿತ್ ಕಥೆ ಚೆನ್ನಾಗಿದೆ, ಆದರೆ ಅದು ಗಂಡಸರ ಲೀಗು, 30 ತಂಡ. ಹೆಂಗಸರ ಲೀಗು ಡಬ್ಲ್ಯೂಎನ್‌ಬಿಎಯಲ್ಲಿ 2024ರ ತನಕ ಇದ್ದಿದ್ದೇ 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜನ. ಅಮೆರಿಕದ ಹುಡುಗಿಯರೇ ಜಾಗ ಸಿಗದೆ ಟರ್ಕಿ, ಇಟಲಿ, ಆಸ್ಟ್ರೇಲಿಯಾ ಅಂತ ತಿರುಗ್ತಾರೆ. ನಮ್ಮವರಲ್ಲಿ ಗೀತು ಅಣ್ಣಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದ್ರು, 2011ರಲ್ಲಿ ಡಬ್ಲ್ಯೂಎನ್‌ಬಿಎ ಟ್ರಯಲ್‌ಗೂ ಹೋಗಿದ್ರು. ಅವರು ಆರಡಿ ಮೇಲಿನ ಸೆಂಟರ್. ನಾನು ಐದಡಿ ನಾಲ್ಕಿಂಚು.

ವಿಷಯ ಏನಂದ್ರೆ, ಇನ್‌ಸ್ಟಾಗ್ರಾಮಿನಲ್ಲಿ ಒಬ್ಬ ಏಜೆಂಟ್ ಮೆಸೇಜ್ ಮಾಡಿದಾನೆ. ಯೂರೋಪಿನ ಸೆಕೆಂಡ್ ಡಿವಿಷನ್ ಕ್ಲಬ್, ರೂಮು ಊಟ ಅವರದ್ದೇ ಅಂತೆ. "ರಿಜಿಸ್ಟ್ರೇಷನ್ ಫೀ" ಮೊದಲೇ ಕಳಿಸಬೇಕಂತೆ. ಮನೆಯಲ್ಲಿ ಅಪ್ಪ ರೈಲ್ವೆ ಸ್ಪೋರ್ಟ್ಸ್ ಕೋಟಾ ಫಾರ್ಮ್ ತಂದಿಟ್ಟಿದಾರೆ. ಯಾವುದಕ್ಕೆ ಕೈ ಹಾಕ್ಲಿ?

ಬಿಸಿಲೂರು ಬಸ್ಯಾ (ರಾಯಚೂರು)

ತಂಗಿ, ಮೊದ್ಲು ರೊಕ್ಕ ಕೇಳಾಂವ ಏಜೆಂಟ್ ಅಲ್ಲ. ಬ್ಲಾಕ್ ಮಾಡು, ಆಮ್ಯಾಲೆ ಮುಂದಿನ ಮಾತು.

ಲೆಕ್ಕದ ಪುಸ್ತಕ (ಗಂಗಾವತಿ)

ಇದೊಂದು ವಿಷಯದಲ್ಲಿ ಬಸ್ಯಾ ಅವರಿಗೆ ನನ್ನ ಪೂರ್ತಿ ಬೆಂಬಲ. ತಂಗಿ, ಈ ಕಸುಬಿನಲ್ಲಿ ಏಜೆಂಟಿನ ಪಾಲು ಒಪ್ಪಂದ ಆದ ಮೇಲೆ, ಸಂಬಳದ ಲೆಕ್ಕದಲ್ಲಿ. ಎನ್‌ಬಿಎಯಲ್ಲಿ ಅದಕ್ಕೂ ಒಂದು ಮಿತಿ ಇದೆ. ಯೂರೋಪಿನಲ್ಲಿ ಹತ್ತು ಪರ್ಸೆಂಟ್ ತನಕ ಇರುತ್ತದೆ, ಬಹಳ ಕಡೆ ಕ್ಲಬ್ಬೇ ಕೊಡುತ್ತದೆ. ಅಂತರರಾಷ್ಟ್ರೀಯ ವರ್ಗಾವಣೆ ಮಾಡಿಸುವ ಏಜೆಂಟಿಗೆ ಫೀಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ, ಲೈಸೆನ್ಸ್ ಬೇಕು. ಲೈಸೆನ್ಸ್ ಇದೆಯಾ ಅಂತ ನೇರವಾಗಿ ಕೇಳು, ಫೀಬಾದ ಪಟ್ಟಿಯಲ್ಲಿ ಹೆಸರು ಹುಡುಕು.

ಇನ್ನೊಂದು. ಒಪ್ಪಂದದಲ್ಲಿ ತಕರಾರು ಬಂದರೆ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್‌ಗೆ, ಚಿಕ್ಕದಾಗಿ ಬಿಎಟಿಗೆ, ಹೋಗಬಹುದು ಅಂತ ಒಂದು ಸಾಲು ಇರಲೇಬೇಕು. 2007ರಲ್ಲಿ ಫೀಬಾ ಇದನ್ನು ಮಾಡಿದ್ದೇ ಸಂಬಳ ಕೊಡದೆ ಸತಾಯಿಸುವ ಕ್ಲಬ್ಬುಗಳಿಗಾಗಿ. ಆ ಸಾಲು ಇಲ್ಲದಿದ್ದರೆ ಅಲ್ಲಿನ ಲೋಕಲ್ ಕೋರ್ಟು, ಅಲ್ಲಿನ ವಕೀಲ, ಅಲ್ಲಿನ ಭಾಷೆ. ಊರೂರು ತಿರುಗುವ ಆಟಗಾರರಿಗೆ ಎನ್‌ಬಿಎ ಹೊರಗೆ ಇರುವ ದೊಡ್ಡ ಗೋಳು ಇದೇ: ಮೂರು ತಿಂಗಳು ಸಂಬಳ ಸರಿಯಾಗಿ ಬರುತ್ತೆ, ನಾಲ್ಕನೇ ತಿಂಗಳು ತಂಡ ಸೋಲೋಕೆ ಶುರು ಮಾಡಿದರೆ ಬ್ಯಾಂಕಿನ ಮೆಸೇಜ್ ನಿಂತುಹೋಗುತ್ತೆ. ಮತ್ತೆ ದೇಶ ಬದಲಾಯಿಸಿ ಆಡಬೇಕಾದರೆ ಇಲ್ಲಿನ ಫೆಡರೇಷನ್ನಿನಿಂದ ಲೆಟರ್ ಆಫ್ ಕ್ಲಿಯರೆನ್ಸ್ ಬೇಕು. ಇದನ್ನು ನಿನಗೆ ಮೆಸೇಜ್ ಮಾಡಿದವನು ಹೇಳಿದನಾ?

ಹಂಪಿ ಎಕ್ಸ್‌ಪ್ರೆಸ್ (ಊರು ಬಳ್ಳಾರಿ, ಇರೋದು ಬೆಂಗಳೂರು)

ರೈಲ್ವೆ ಫಾರ್ಮಿನ ಬಗ್ಗೆ ನಾನು ಹೇಳ್ತೀನಿ, ಆ ದಾರಿಯಲ್ಲಿ ನಡೆದವನು. ಒಂದು ಬ್ಯಾಂಕಿನ ತಂಡಕ್ಕೆ ಗಾರ್ಡ್ ಆಗಿದ್ದೆ, ಹೆಸರು ಬೇಡ. ಬೆಳಿಗ್ಗೆ ಪ್ರಾಕ್ಟೀಸ್, ಹತ್ತೂವರೆಗೆ ಕೌಂಟರ್, ಸಂಜೆ ಮತ್ತೆ ಪ್ರಾಕ್ಟೀಸ್. ಟೂರ್ನಮೆಂಟ್ ಇದ್ದರೆ ಆನ್ ಡ್ಯೂಟಿ. ಮಂಡಿ ಕೈಕೊಟ್ಟ ಮೇಲೂ ತಿಂಗಳ ಕೊನೆಗೆ ಸಂಬಳ ಬಂತು, ಈಗಲೂ ಬರ್ತಿದೆ. ಇವತ್ತು ನಾನು ಸಾಲದ ಫೈಲ್ ನೋಡ್ತೀನಿ, ಮಕ್ಕಳ ಫೀಸ್ ಕಟ್ಟಿದೀನಿ. ಸ್ಮಿತ್‌ನ ಹತ್ತು ದಿನದ ಒಪ್ಪಂದದ ಬದುಕು ನನ್ನಿಂದ ಆಗ್ತಿರಲಿಲ್ಲ ಅಂತ ಬಿಚ್ಚುಮನಸ್ಸಿನಿಂದ ಹೇಳ್ತೀನಿ.

ಆದರೆ ಇನ್ನೊಂದು ಕಡೆ ಕೇಳಿ. ಒಂದು ಸೀಸನ್ ಕೋಚ್‌ಗೂ ನನಗೂ ಸರಿಹೋಗಲಿಲ್ಲ. ಪೂರ್ತಿ ಸೀಸನ್ ಬೆಂಚು. ಆಡುವ ಶಕ್ತಿ ಇತ್ತು, ವಯಸ್ಸಿತ್ತು, ಹೋಗೋಕೆ ಇನ್ನೊಂದು ತಂಡ ಇರಲಿಲ್ಲ. ಕೆಲಸ ಬಿಟ್ಟರೆ ಹೋಗಬಹುದಿತ್ತು, ಕೆಲಸ ಬಿಡ್ತಾರಾ ಯಾರಾದ್ರೂ? ಸ್ಮಿತ್‌ಗೆ ಮೆಂಫಿಸ್ ಬೇಡ ಅಂದರೆ ಗೋಲ್ಡನ್ ಸ್ಟೇಟ್ ಇತ್ತು, ಅದೂ ಬೇಡ ಅಂದರೆ ಒರ್ಲ್ಯಾಂಡೊ. ಕೋಟೆಗುಡ್ಡ ಅಣ್ಣ ಹೇಳೋ ಆ ಗುಣ ನಮ್ಮಲ್ಲೂ ಹುಡುಗರಿಗೆ ಇದೆ. ಕೊಳ್ಳೋರು ಮೂವತ್ತು ಜನ ಇದ್ದಾಗ ಮಾತ್ರ ಅದಕ್ಕೆ ಬೆಲೆ ಬರೋದು. ನಮ್ಮಲ್ಲಿ ಒಎನ್‌ಜಿಸಿ, ರೈಲ್ವೆ, ಸೇನೆಯವರ ಸರ್ವಿಸಸ್, ಚೆನ್ನೈನ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಹೀಗೆ ಬೆರಳೆಣಿಕೆ. ಬೆಂಗಳೂರಿನ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಬ್ಯಾಂಕು ಲೀನ ಆದಾಗ ಪೇಪರಿನವರು ಶಾಖೆ ಎಷ್ಟು, ಠೇವಣಿ ಎಷ್ಟು ಅಂತ ಬರೆದರು, ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಬಗ್ಗೆ ಯಾರು ಕೇಳ್ತಾರೆ.

ಲೀಗುಗಳೂ ಬಂದವು. 2015ರಲ್ಲಿ ಯುಬಿಎ ಅನ್ನೋ ನಮ್ಮ ದೇಶದ ಬ್ಯಾಸ್ಕೆಟ್‌ಬಾಲ್ ಲೀಗು ಶುರುವಾಯ್ತು, ಬೆಂಗಳೂರಿಗೂ ಒಂದು ತಂಡ ಇತ್ತು, ಕೆಲವೇ ಸೀಸನ್ನಿಗೆ ನಿಂತಿತು. ವಿಶೇಷ್ ಭೃಗುವಂಶಿಯಂಥ ಗಾರ್ಡ್, ಭಾರತ ತಂಡದ ಕ್ಯಾಪ್ಟನ್, 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ರ್ಸ್ ಜೊತೆ ಒಪ್ಪಂದ ಮಾಡಿಕೊಂಡರು, ಆದರೆ ಅವರ ಹಿಂದೆಯೂ ಒಎನ್‌ಜಿಸಿ ನೌಕರಿ ಇತ್ತು. ಆ ಬೆನ್ನು ಇಲ್ಲದೆ ಹೋಗಬೇಡ ತಂಗಿ. ಫಾರ್ಮ್ ತುಂಬು. ನೌಕರಿ ಸಿಕ್ಕ ಮೇಲೆ ಆಡೋದನ್ನ ಯಾರೂ ನಿಲ್ಲಿಸೋದಿಲ್ಲ.

ಕೋಟೆಗುಡ್ಡ (ಬಳ್ಳಾರಿ)

ಅಣ್ಣ, ನೀವು ಹೇಳಿದ ಮಾರುಕಟ್ಟಿ ಮಾತು ನನ್ನ ವಾದಕ್ಕ ಸರಿಯಾಗಿ ತಿವೀತು, ಆದ್ರ ಪೂರ್ತಿ ಒಪ್ಪಂಗಿಲ್ಲ. ಮಾರುಕಟ್ಟಿ ಇದ್ರೂ ಎಲ್ಲಾರೂ ಸ್ಮಿತ್ ಆಗಂಗಿಲ್ಲ. ಜೆರೆಮಿ ಲಿನ್‌ನ್ನ ನೋಡ್ರಿ. ಅವನೂ ಗಾರ್ಡ್, ಅವನೂ 2010ರ ಡ್ರಾಫ್ಟಿನಾಗ ಉಳಿದಾವ. 2011ರ ಡಿಸೆಂಬರ್ ಒಂದೇ ತಿಂಗಳಾಗ ಗೋಲ್ಡನ್ ಸ್ಟೇಟ್ ಬಿಡ್ತು, ಹ್ಯೂಸ್ಟನ್ ಬಿಡ್ತು. ಮಜಾ ಏನಂದ್ರ ಲಿನ್‌ನ್ನ ಬಿಟ್ಟ ಗೋಲ್ಡನ್ ಸ್ಟೇಟ್ ಅದೇ ಸೀಸನ್ನಿನಾಗ ಸ್ಮಿತ್‌ನ್ನ ತಗೊಂಡು, ಆಮ್ಯಾಲೆ ಅವನ್ನೂ ಬಿಡ್ತು! ಲಿನ್ ನ್ಯೂಯಾರ್ಕಿಗೆ ಹೋಗಿ 2012ರ ಫೆಬ್ರವರಿ 10ಕ್ಕ ಲೇಕರ್ಸ್ ಮ್ಯಾಲೆ 38 ಪಾಯಿಂಟ್ ಹಾಕಿದ, ಇಡೀ ಲೋಕ ಕುಣೀತು. ಅವನೂ ಒಟ್ಟು ಎಂಟು ತಂಡ ತಿರುಗಿ 2019ರಾಗ ಟೊರಾಂಟೊ ಕೂಡ ಉಂಗುರ ತಗೊಂಡ, ಫೈನಲ್‌ನಾಗ ಅವನೂ ಹೆಚ್ಚುಕಡಿಮಿ ಬೆಂಚೇ. ಆದ್ರ 2019ರ ಮ್ಯಾಲೆ ಎನ್‌ಬಿಎದಾಗ ಅವಗ ಜಾಗ ಸಿಗ್ಲಿಲ್ಲ. ಅವನಿಗಿಂತ ಕಡಿಮಿ ಹೆಸರಿನ ಸ್ಮಿತ್‌ಗೆ 2024ರ ತನಕ ಸಿಕ್ತು. ಯಾಕ? ಸ್ಮಿತ್ ಯಾವತ್ತೂ "ನನ್ನ ಸುತ್ತ ತಂಡ ಕಟ್ರಿ" ಅನ್ನೋ ಆಟ ಆಡ್ಲಿಲ್ಲ. ಇದ್ದ ತಂಡದಾಗ ಇದ್ದ ಕೆಲಸ ಮಾಡಿದ.

ಬಿಸಿಲೂರು ಬಸ್ಯಾ (ರಾಯಚೂರು)

ನೀವು ಹೇಳಿದ್ರಿ ಅಂತ ನಿನ್ನಿ ರಾತ್ರಿ ಯೂಟ್ಯೂಬ್‌ನಾಗ ಕುಂತೆ. ಸ್ಮಿತ್ ಬಿಟ್ಟು ಇನ್ನೊಬ್ಬ ಸಿಕ್ಕ. ಆಂಡ್ರೆ ಇಂಗ್ರಾಮ್, ಅವನೂ ಗಾರ್ಡ್. ಎನ್‌ಬಿಎದ ಕೆಳಗಿನ ಲೀಗಿನಾಗೇ ಹತ್ತು ವರ್ಷ. ಬಿಡುವಿನಾಗ ಹುಡುಗ್ರಿಗೆ ಗಣಿತದ ಟ್ಯೂಷನ್ ಹೇಳ್ತಿದ್ದನಂತ. 2018ರ ಏಪ್ರಿಲ್ 10, ಸೀಸನ್ ಮುಗಿಯೋ ಹೊತ್ತಿನಾಗ, ಲೇಕರ್ಸ್ ಕರೆದ್ರು. ವಯಸ್ಸು 32. ಹ್ಯೂಸ್ಟನ್ ಮ್ಯಾಲೆ 19 ಪಾಯಿಂಟ್, ಮೂರು ಪಾಯಿಂಟಿನ ಐದು ಎಸೆತದಾಗ ನಾಕು ಒಳಗ. ಲೇಕರ್ಸ್ ಸೋತ್ರೂ ಮಂದಿ ಎದ್ದು ನಿಂತು ಚೀರ್ತಿದ್ರು.

ನನ್ನ ಓಟು ಇವಗ. ಒಂದೇ ಕಡಿ ಗೂಟ ಹೊಡ್ದು ಕುಂತು ಗೆದ್ದಾವ. ಸ್ಮಿತ್‌ಗೆ ರೊಕ್ಕ ಸಿಕ್ತು, ಉಂಗುರ ಸಿಕ್ತು, ಇರಲಿ. ಆ ರಾತ್ರಿ ಇಂಗ್ರಾಮ್ ಮಾರಿ ನೋಡಿದ್ರ ನಿಮಗೂ ಹಂಗ ಅನಸ್ತದ.

ಪಿಇ ಮೇಷ್ಟ್ರು (ಕೊಪ್ಪಳ)

ಬಸ್ಯಾ ಅವರು ಕ್ರಿಕೆಟ್ ಬಿಟ್ಟು ಬ್ಯಾಸ್ಕೆಟ್‌ಬಾಲ್ ನೋಡಿದರಲ್ಲ, ಚರ್ಚೆ ಅಷ್ಟರಮಟ್ಟಿಗೆ ಸಾರ್ಥಕ.

ಎಡಗೈ ಅವರಿಗೆ ಒಂದು ಮಾತು. ನಮ್ಮ ಭಾಗದಲ್ಲಿ ಸೌಕರ್ಯ ಎಂದರೆ ಎಲ್ಲರೂ ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಕಡೆ ಕೈ ತೋರಿಸುತ್ತಾರೆ. 2018ರಲ್ಲಿ ಶುರುವಾದ ಒಳ್ಳೆಯ ಸಂಸ್ಥೆ, ಆದರೆ ಅದು ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ನವರ ಜಾಗ. ನಮಗೆ ಉಳಿದಿರುವುದು ಸಿಮೆಂಟಿನ ಕೋರ್ಟು, ಏಪ್ರಿಲಿನಲ್ಲಿ ಬೆಳಿಗ್ಗೆ ಎಂಟಕ್ಕೇ ಕಾದ ಹೆಂಚು. ಆದ್ದರಿಂದ ಸದ್ಯಕ್ಕೆ 3x3, ಅಂದರೆ ಕಡೆಗೆ ಮೂವರು ಆಡುವ ಬ್ಯಾಸ್ಕೆಟ್‌ಬಾಲ್, ಕಡೆ ಗಮನ ಕೊಡಿ. ಅರ್ಧ ಅಂಗಳ, ಹತ್ತು ನಿಮಿಷ ಅಥವಾ 21 ಪಾಯಿಂಟ್, ಎಸೆಯಲು 12 ಸೆಕೆಂಡು. ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಕೋಚ್ ಹೊರಗಿನಿಂದ ಕೂಗಿ ಹೇಳುವಂತಿಲ್ಲ, ಬದಲಿ ಆಟಗಾರ ಸೇರಿ ನಾಲ್ಕೇ ಜನರ ತಂಡ. ಪರಿಚಯ ಇಲ್ಲದವರ ಜೊತೆ ಆಡಿ ರೂಢಿಯಾಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಿಡ್ಡವರಿಗೂ ಕೆಲಸ ಇದೆ.

ಎಡಗೈ (ಬಳ್ಳಾರಿ)

ಅಪ್‌ಡೇಟ್. ಆ ಏಜೆಂಟಿಗೆ ಲೈಸೆನ್ಸ್ ನಂಬರ್ ಕೇಳಿದೆ, ಬಿಎಟಿ ಸಾಲು ಒಪ್ಪಂದದಲ್ಲಿ ಇರುತ್ತಾ ಅಂತಾನೂ ಕೇಳಿದೆ. "ನಿಮಗೆ ಆಡೋ ಆಸೆ ಇದೆಯಾ ಇಲ್ವಾ" ಅಂದ. ಲೈಸೆನ್ಸ್ ಅಂತ ಮತ್ತೆ ಕೇಳಿದ್ದಕ್ಕೆ ಪ್ರೊಫೈಲೇ ಕಾಣ್ತಿಲ್ಲ ಈಗ.

ರೈಲ್ವೆ ಫಾರ್ಮ್ ತುಂಬ್ತಿದೀನಿ. ಯೂನಿವರ್ಸಿಟಿ ಸರ್ಟಿಫಿಕೇಟ್ ಎರಡು, ಸ್ಟೇಟ್ ಜೂನಿಯರ್ ಒಂದು ಇದೆ. ಎಲ್ಲಾ ಹಾಕ್ಲಾ?

ಹಂಪಿ ಎಕ್ಸ್‌ಪ್ರೆಸ್ (ಊರು ಬಳ್ಳಾರಿ, ಇರೋದು ಬೆಂಗಳೂರು)

ಎಲ್ಲಾ ಹಾಕು. ಯಾವ ಟೂರ್ನಮೆಂಟಿಗೆ ಯಾವ ದರ್ಜೆ ಅಂತ ನೋಟಿಫಿಕೇಷನ್ನಿನಲ್ಲೇ ಇರುತ್ತೆ, ಅದನ್ನ ಎರಡು ಸಲ ಓದು. ಒರಿಜಿನಲ್ ಯಾವುದನ್ನೂ ಲ್ಯಾಮಿನೇಟ್ ಮಾಡಿಸಬೇಡ. ಟ್ರಯಲ್‌ಗೆ ಕರೆ ಬಂದರೆ ಹಿಂದಿನ ದಿನವೇ ಹೋಗಿ ಸೇರ್ಕೋ, ರಾತ್ರಿ ಟ್ರೈನಿನಲ್ಲಿ ಇಳಿದು ನೇರ ಕೋರ್ಟಿಗೆ ಹೋಗಬೇಡ.

ಬಿಸಿಲೂರು ಬಸ್ಯಾ (ರಾಯಚೂರು)

ಟ್ರಯಲ್ ಹುಬ್ಬಳ್ಳಿಯಾಗ ಬಂತಂದ್ರ ಹೇಳವ್ವ, ನಮ್ಮಕ್ಕನ ಮನಿ ಅಲ್ಲೇ ಅದ. ಊಟಕ್ಕ, ಇರಾಕ ಚಿಂತಿ ಬ್ಯಾಡ.